ಬಿಲ್ಲಿಗೆ ಬಾರದ ಬಾಕಿ

ಪಶ್ಚಿಮದ ಊರುಗಳಲ್ಲಿ ಬೀದಿಮೂಲೆಯ ಪುಟ್ಟ ಪಾನಗೃಹಕ್ಕಿರುವ ಆಕರ್ಷಣೆ ನಮ್ಮಲ್ಲಿ ಕಾಫಿ ಹೋಟೆಲಿಗೆ ಸಂದಿದೆ. ಶಿವಮೊಗ್ಗದ ಗಾಂಧಿ ಬಜಾರಿನ ಅಂಥದೊಂದು ಸಣ್ಣ ಹೋಟೆಲಿಗೆ ನಾನು ಬಹುಕಾಲದ ಗಿರಾಕಿ. ಕುಳಿತೊಡನೆ ಮಾಣಿ ಕೇಳದೆಯೇ ಸಕ್ಕರೆ ಕಡಿಮೆಯ ಕಾಫಿ ತಂದಿಡುತ್ತಾನೆ.

ದುಡ್ಡು ಕೊಟ್ಟು ಪಡೆದ ಈ ಆದರವನ್ನು ಸ್ನೇಹವೆನ್ನಬಹುದೆ? ಇದು ವ್ಯಾಪಾರದ ನಯವಷ್ಟೆ ಎನ್ನುವವರುಂಟು. ಆದರೆ ಬಿಲ್ಲಿನಲ್ಲಿ ಕಾಫಿಗೆ ಬೆಲೆಯುಂಟು. ನಮ್ಮನ್ನು ನೆನಪಿಟ್ಟುಕೊಂಡದ್ದಕ್ಕೆ ಬೆಲೆ ಬರೆದಿಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಅಲ್ಲಿನ ನೌಕರರೇ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಗೋಡೆ ಮೇಜುಗಳಲ್ಲ, ತಂದಿಡುವ ಕೈಗಳೇ ಹೋಟೆಲು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಒಮ್ಮೆ ಜ್ವರದಿಂದ ನಾಲ್ಕು ದಿನ ಹೋಗಲಾಗಲಿಲ್ಲ. ಐದನೆಯ ದಿನ ಮಾಣಿ, "ಯಾಕೆ ಸಾರ್, ಹುಷಾರಿರಲಿಲ್ವಾ?" ಎಂದ. ಮರುವಾರ ಅವನೇ ಕಾಣಲಿಲ್ಲ. ವಿಚಾರಿಸೋಣವೆಂದು ಗಲ್ಲಾದ ಬಳಿಗೆ ಹೋದೆ. ಮಾತು ಅಲ್ಲೇ ನಿಂತಿತು. ಯಾರನ್ನೆಂದು ಕೇಳಲಿ? ನನ್ನ ಸಕ್ಕರೆಯ ಅಳತೆ ಬಲ್ಲವನ ಹೆಸರು ಎಂಟು ವರ್ಷಗಳಾದರೂ ನನಗೆ ಗೊತ್ತಿರಲಿಲ್ಲ. ಸ್ನೇಹವನ್ನು ವ್ಯಾಪಾರ ಮಾಡಿದವನು ಅವನಲ್ಲ, ನಾನು.

ಅವನು ಮರಳಿ ಬಂದ ದಿನ ಮೊದಲು ಹೆಸರು ಕೇಳಿದೆ. ಕಾಫಿ ಆಮೇಲೆ ಬಂತು.