ಹಸಿವೆಗೆ ಯಾರು ಹೊಣೆ?

ನಮ್ಮ ಕಡೆಯ ಮದುವೆಯೂಟದಲ್ಲಿ ಬಡಿಸುವವನಿಗೆ ಒಂದು ವಿಶೇಷ ಅಧಿಕಾರವಿದೆ. ‘ಸಾಕು’ ಎಂದವರ ಎಲೆಗೆ ಇನ್ನೊಂದು ಹೋಳಿಗೆ ಹಾಕುವ ಅಧಿಕಾರ ಅದು. ಕೆಲವು ವರ್ಷಗಳ ಹಿಂದೆ ಅಂಥದೊಂದು ಹಂತಿಯಲ್ಲಿ ನನ್ನ ಅಕ್ಕ ಎರಡು ತುತ್ತು ಅನ್ನ, ಸ್ವಲ್ಪ ಸಾರಿನಲ್ಲಿ ಊಟ ಮುಗಿಸಿ, ಎಲೆಗೆ ಕೈ ಅಡ್ಡ ಹಿಡಿದಳು. “ಏನಕ್ಕಾ, ಹೊಟ್ಟೆ ಕೊಯ್ಸಿಕೊಂಡ ಮೇಲೆ ಹೋಳಿಗೆಗೂ ಹೆದರಿಕೆಯಾ?” ಎಂದರು ಬಡಿಸುತ್ತಿದ್ದವರು. ಹಂತಿಯೇ ನಕ್ಕಿತು. ನಾನೂ ನಕ್ಕೆ. ಅಕ್ಕ ತಲೆ ಎತ್ತಲಿಲ್ಲ. ಆ ನನ್ನ ನಗು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಅಕ್ಕನಿಗೆ ತೂಕ ಇಳಿಸುವ ಶಸ್ತ್ರಕ್ರಿಯೆಯಾದದ್ದು 2014ರಲ್ಲಿ, ಮಂಗಳೂರಿನಲ್ಲಿ. ಆಗ ಅವಳ ತೂಕ 118 ಕಿಲೊ. ಜೊತೆಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಅದಕ್ಕೆ ಮೊದಲು ಹದಿನೈದು ವರ್ಷ ಅವಳು ಮಾಡದ ಪಥ್ಯವಿಲ್ಲ. ಪ್ರತಿ ಸಲವೂ ಏಳೆಂಟು ಕಿಲೊ ಇಳಿಯುತ್ತಿತ್ತು, ವರ್ಷ ತುಂಬುವುದರೊಳಗೆ ಹತ್ತು ಕಿಲೊ ಏರುತ್ತಿತ್ತು. ನಾನಾದರೋ ಹುಟ್ಟಾ ಒಣಕಲು. ಅದನ್ನು ನನ್ನ ಸಂಯಮದ ಫಲವೆಂದೇ ನಂಬಿದ್ದೆ. ಆಸ್ಪತ್ರೆಯ ಸುದ್ದಿ ಬಂದಾಗ, “ಬಾಯಿ ಕಟ್ಟಲಾರದವರಿಗೆ ಇದು ಸುಲಭದ ದಾರಿ” ಎಂದುಬಿಟ್ಟೆ. “ಅಷ್ಟು ಸುಲಭವಾದರೆ ನೀನೂ ಒಮ್ಮೆ ಮೇಜಿನ ಮೇಲೆ ಮಲಗಿ ನೋಡು” ಎಂದಳು ಅಕ್ಕ.

ಮನೋಬಲದಿಂದ ಆಗಬೇಕಾದ ಕೆಲಸವನ್ನು ವೈದ್ಯನ ಕತ್ತಿಗೆ ಒಪ್ಪಿಸುವುದು ನೈತಿಕವಾದ ಸೋಲೆ? ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಆ ಕತ್ತಿ ಮಾಡುವುದೇನು ಎಂದು ತಿಳಿಯಬೇಕು.

ಮುಖ್ಯವಾಗಿ ಮೂರು ಬಗೆಯ ಶಸ್ತ್ರಕ್ರಿಯೆಗಳಿವೆ. ಮೊದಲನೆಯದು ಜಠರದ ಮೇಲ್ಭಾಗಕ್ಕೆ ಪಟ್ಟಿ ಬಿಗಿಯುವ ಬ್ಯಾಂಡ್. ಇದರಲ್ಲಿ ಏನನ್ನೂ ಕತ್ತರಿಸುವುದಿಲ್ಲ, ಪಟ್ಟಿಯನ್ನು ಬೇಕೆಂದಾಗ ತೆಗೆಯಬಹುದು. ಎರಡನೆಯದು ಸ್ಲೀವ್. ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯನ್ನಷ್ಟೆ ಉಳಿಸುತ್ತಾರೆ. ಅಕ್ಕನಿಗೆ ಆದದ್ದು ಇದು. ಮೂರನೆಯದು ಬೈಪಾಸ್. ಜಠರದ ತುದಿಯಲ್ಲಿ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. ಹುಣ್ಣಿಗಾಗಿ ಜಠರದ ಒಂದು ಪಾಲನ್ನು ಕಳೆದುಕೊಂಡ ರೋಗಿಗಳು ಸಣಕಲಾಗಿಯೇ ಉಳಿಯುವುದನ್ನು ಕಂಡ ಅಮೆರಿಕದ ಅಯೋವಾದ ಎಡ್ವರ್ಡ್ ಮೇಸನ್ 1966ರಲ್ಲಿ ಬೈಪಾಸಿಗೆ ಕೈಹಾಕಿದರು.

ಇವುಗಳಲ್ಲಿ ಯಾವುದು ಮೇಲು ಎಂಬುದು ಒಂದೆರಡು ವರ್ಷಗಳಲ್ಲಿ ತಿಳಿಯುವ ಮಾತಲ್ಲ. ಸ್ವೀಡನ್ನಿನಲ್ಲಿ 1987ರಿಂದ ಇಂಥ ಶಸ್ತ್ರಕ್ರಿಯೆಯಾದ 2,010 ಮಂದಿಯನ್ನೂ, ಅವರಿಗೆ ಸರಿಸಮಾನರಾದ, ಶಸ್ತ್ರಕ್ರಿಯೆಯಾಗದ 2,037 ಮಂದಿಯನ್ನೂ ದೀರ್ಘಕಾಲ ಹಿಂಬಾಲಿಸಿ ನೋಡಿದರು. ಹದಿನೈದು ವರ್ಷಗಳ ಬಳಿಕ ಬೈಪಾಸ್ ಆದವರು ಸರಾಸರಿ ಮೂಲ ತೂಕದ ಶೇಕಡಾ 27ರಷ್ಟು ಕಡಿಮೆಯಿದ್ದರು, ಬ್ಯಾಂಡ್ ಹಾಕಿಸಿಕೊಂಡವರು ಶೇಕಡಾ 13ರಷ್ಟು. ಸ್ಲೀವ್ ಆಮೇಲೆ ಬಂದದ್ದು. ಫಿನ್‌ಲ್ಯಾಂಡಿನಲ್ಲಿ 240 ಮಂದಿಗೆ ಸ್ಲೀವ್ ಇಲ್ಲವೆ ಬೈಪಾಸ್ ಮಾಡಿ ಹತ್ತು ವರ್ಷ ಕಾದು ನೋಡಿದಾಗ, ತೂಕದ ಇಳಿಕೆಯಲ್ಲಿ ಬೈಪಾಸ್ ಸ್ವಲ್ಪ ಮುಂದಿತ್ತು. ಹುಳಿತೇಗಿನಿಂದ ಅನ್ನನಾಳ ಕೆಂಪೇರಿದ್ದು ಸ್ಲೀವ್ ಆದವರಲ್ಲಿ ಶೇಕಡಾ 31 ಮಂದಿಗೆ, ಬೈಪಾಸ್ ಆದವರಲ್ಲಿ ಶೇಕಡಾ 7 ಮಂದಿಗೆ. ಬೈಪಾಸಿಗೂ ಅದರದೇ ತೆರಿಗೆಯಿದೆ. ಕಬ್ಬಿಣ, ಸುಣ್ಣದ ಅಂಶ, ಬಿ-12 ಇವು ಮೈಗೆ ಸರಿಯಾಗಿ ಹತ್ತುವುದಿಲ್ಲ, ಸಾಯುವ ತನಕ ಮಾತ್ರೆ ನುಂಗಬೇಕು. ಬ್ಯಾಂಡ್ ಮೇಲ್ನೋಟಕ್ಕೆ ನಿರಪಾಯ; ಆದರೆ ಹಾಕಿಸಿಕೊಂಡವರಲ್ಲಿ ಅನೇಕರು ಮತ್ತೆ ಅದನ್ನು ತೆಗೆಸಬೇಕಾಯಿತು.

ಆದರೆ ನನ್ನ ಕಣ್ಣು ತೆರೆಸಿದ್ದು ಈ ಅಂಕಿಗಳಲ್ಲ. ಸ್ವೀಡನ್ನಿನ ಆ ಎರಡನೆಯ ಗುಂಪು, ಎಂದರೆ ಕತ್ತಿ ತಾಗದೆ ಸಾಮಾನ್ಯ ಚಿಕಿತ್ಸೆಯಲ್ಲೇ ಉಳಿದವರು. ಅವರ ಸರಾಸರಿ ತೂಕ ಹದಿನೈದು ವರ್ಷಗಳ ಉದ್ದಕ್ಕೂ ಶೇಕಡಾ ಎರಡರ ಆಚೆ ಈಚೆ ಕದಲಲಿಲ್ಲ. ಎರಡು ಸಾವಿರ ಮಂದಿಗೂ ಒಟ್ಟಿಗೇ ಮನೋಬಲ ಇಲ್ಲದೆ ಹೋಯಿತೆ? ಹಾಗೆಂದು ನಂಬುವುದು ನನ್ನಿಂದಾಗದು.

ಕಾರಣ ಹಸಿವೆಯಲ್ಲಿದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಎಂಬ ಹಸಿವೆಯ ಹಾರ್ಮೋನನ್ನು ಕಂಡುಹಿಡಿದರು. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವಿನಲ್ಲಿ ಕತ್ತರಿಸಿ ತೆಗೆಯುವುದು ಆ ಭಾಗವನ್ನೇ. ಬೈಪಾಸಿನಲ್ಲಿ ಅನ್ನ ಬೇಗನೆ ಕೆಳಗರುಳಿಗೆ ಇಳಿದು, ‘ತುಂಬಿತು’ ಎಂದು ಮಿದುಳಿಗೆ ತಿಳಿಸುವ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ಎಂದರೆ ಈ ಶಸ್ತ್ರಕ್ರಿಯೆ ಹೊಟ್ಟೆಯನ್ನು ಮಾತ್ರ ಕಿರಿದುಗೊಳಿಸುವುದಲ್ಲ, ಹಸಿವೆಯನ್ನೇ ಬದಲಿಸುತ್ತದೆ. ಅಕ್ಕ ಒಮ್ಮೆ ಹೇಳಿದ್ದಳು: “ಉಂಡ ಮೇಲೆ ಸಾಕು ಅನ್ನಿಸುವುದು ಅಂದರೆ ಹೇಗೆ ಎಂದು ನನಗೆ ಗೊತ್ತಾದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ.” ನನಗೋ ಅದು ಹುಟ್ಟಿನಿಂದಲೇ ಗೊತ್ತಿತ್ತು. ಕೈಬೀಸಿ ಬಂದ ಈ ಉಡುಗೊರೆಯನ್ನು ನಾನು ಸಂಪಾದನೆಯೆಂದು ಬರೆದುಕೊಂಡಿದ್ದೆ.

ಹಾಗಾದರೆ ಮನುಷ್ಯನಿಗೆ ಹೊಣೆಯೇ ಇಲ್ಲವೆ? ಇದೆ. ಶಸ್ತ್ರಕ್ರಿಯೆಯ ಮರುದಿನದಿಂದಲೇ ಅದು ಹೆಚ್ಚುತ್ತದೆ. ಚೆನ್ನಾಗಿ ಜಗಿದು ಸಣ್ಣ ತುತ್ತು ಉಣ್ಣಬೇಕು, ನಡೆಯಬೇಕು, ಮಾತ್ರೆ ತಪ್ಪಿಸಬಾರದು, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಬೇಕು. ಹೊಣೆ ಹೊರಲು ಸಾಧ್ಯವಾಗುವಷ್ಟು ಭಾರವನ್ನು ಕತ್ತಿ ಇಳಿಸಿಕೊಡುತ್ತದೆ, ಹೊರುವವಳು ಅಕ್ಕನೇ.

ನಾನು ಬ್ಯಾಂಕಿನ ಗುಮಾಸ್ತ. ಒಂದೇ ಮೊತ್ತದ ಸಾಲ ತೆಗೆದ ಇಬ್ಬರು ಅಡಿಕೆ ಬೆಳೆಗಾರರನ್ನು ಕಂಡಿದ್ದೇನೆ. ಒಬ್ಬರ ತೋಟಕ್ಕೆ ಮಹಾಳಿ ಬಡಿದು ಫಸಲು ಉದುರಿತು, ಇನ್ನೊಬ್ಬರದು ಉಳಿಯಿತು. ನಮ್ಮ ಪುಸ್ತಕದಲ್ಲಿ ಕಾಣುವುದು ಕಂತು ಕಟ್ಟಿದ್ದು, ಕಟ್ಟದ್ದು ಎರಡೇ. ಮಳೆಯ ಕಾಲಮು ಅದರಲ್ಲಿಲ್ಲ. ಇನ್ನೊಬ್ಬರ ಮೈಯನ್ನು ನೋಡುವಾಗಲೂ ನಾವು ಶಿಲ್ಕನ್ನು ಓದುತ್ತೇವೆ, ಮಳೆಯನ್ನು ಕೇಳುವುದಿಲ್ಲ. ದಪ್ಪಗಿರುವವರನ್ನು ಹೀಯಾಳಿಸಲು ಕನ್ನಡದಲ್ಲಿ ‘ಡುಮ್ಮಿ’ ಇದೆ, ಮಲಯಾಳದಲ್ಲಿ ‘ತಡಿಚ್ಚಿ’ ಇದೆ. ಭಾಷೆಯ ಹೆಸರಿನಲ್ಲಿ ಜಗಳವಾಡುವ ನಾವು ಈ ಒಂದು ವಿಷಯದಲ್ಲಿ ಒಗ್ಗಟ್ಟಾಗಿದ್ದೇವೆ.

ಒಂದೂವರೆ ವರ್ಷದಲ್ಲಿ 79 ಕಿಲೊಗೆ ಇಳಿದಿದ್ದ ಅಕ್ಕ ಈಗ 92 ಕಿಲೊ ಇದ್ದಾಳೆ. ನಿಂತಿದ್ದ ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಒಂದು ಮರಳಿ ಬಂದಿದೆ. “ಅಷ್ಟು ದುಡ್ಡು ಸುರಿದು ಏನು ಬಂತು?” ಎನ್ನುತ್ತಾರೆ ನೆಂಟರು. ಸ್ವೀಡನ್ನಿನಲ್ಲೂ ಎರಡನೆಯ ವರ್ಷಕ್ಕೆ ಶೇಕಡಾ 72 ಮಂದಿಯಲ್ಲಿ ಮರೆಯಾಗಿದ್ದ ಸಕ್ಕರೆ ಕಾಯಿಲೆ, ಹತ್ತನೆಯ ವರ್ಷಕ್ಕೆ ಶೇಕಡಾ 36 ಮಂದಿಯಲ್ಲಿ ಮಾತ್ರ ಹಾಗೆ ಉಳಿದಿತ್ತು. ಆದರೂ ಶಸ್ತ್ರಕ್ರಿಯೆಯಾದವರು ಆಗದವರಿಗಿಂತ ಸುಮಾರು ಮೂರು ವರ್ಷ ಹೆಚ್ಚು ಬಾಳಿದರು ಎಂಬ ಅಂದಾಜು 2020ರಲ್ಲಿ ಪ್ರಕಟವಾಯಿತು. ಪೂರ್ತಿ ಗುಣವಾಗದ್ದನ್ನೆಲ್ಲ ಸೋಲೆನ್ನುವುದಾದರೆ ನಮ್ಮ ಯಾರ ಬಾಳೂ ಗೆದ್ದದ್ದಲ್ಲ.

ಈಚೆಗೆ ಅಕ್ಕನ ಬಳಿ ಆ ದಿನದ ನಗುವಿಗಾಗಿ ಕ್ಷಮೆ ಕೇಳಿದೆ. “ಅದನ್ನು ಇನ್ನೂ ನೆನಪಿಟ್ಟಿದ್ದೀಯಾ?” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ನಾನೂ ಮರೆತಿಲ್ಲ” ಎಂದಳು. ಈಗ ಹಂತಿಯಲ್ಲಿ ಬಡಿಸುವ ಸರದಿ ನನ್ನದಾದಾಗ, ಎಲೆಗೆ ಅಡ್ಡ ಬಂದ ಕೈಯನ್ನು ಕಂಡರೆ ಮಾತಾಡದೆ ಮುಂದಿನ ಎಲೆಗೆ ಹೋಗುತ್ತೇನೆ.