ಎರಡು ಕೆಲಸಗಳ ನಡುವೆ

ಶುಕ್ರವಾರ ಸಂಜೆ ಹಳೆಯ ಕಚೇರಿಗೆ ಐಡಿ ಕಾರ್ಡು, ಲ್ಯಾಪ್‌ಟಾಪ್ ಒಪ್ಪಿಸಿ ಸೋಮವಾರ ಬೆಳಿಗ್ಗೆ ಹೊಸ ಕಚೇರಿಗೆ ಹಾಜರಾಗುವುದನ್ನು ನಾವು ಜಾಣತನವೆಂದೇ ನಂಬಿದ್ದೇವೆ. ಆ ಎರಡು ದಿನಗಳಲ್ಲಿ ಯಾವ ದಣಿವು ಆರೀತು? ಯಾವ ಮುನಿಸು ಕರಗೀತು? ಹಿಂದಿನ ಮೇಲಧಿಕಾರಿಯ ಮೇಲಿದ್ದ ಕಹಿಯನ್ನು ಹೊಸ ಜಾಗಕ್ಕೂ ಹೊತ್ತೊಯ್ದು, ಇಲ್ಲೂ ಅದೇ ಕಥೆಯೆಂದು ನೊಂದುಕೊಳ್ಳುತ್ತೇವೆ.

ನಮ್ಮ ಅಂಜಿಕೆ ಸುಳ್ಳೇನಲ್ಲ. ಮನೆ ಸಾಲದ ಕಂತು ಯಾರ ಬಿಡುವಿಗೂ ಕಾಯದು. ಕಂಪನಿ ಕೊಟ್ಟ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ. ದಿನಗೂಲಿಯ ಮನೆಯಲ್ಲಂತೂ ಕೆಲಸವಿಲ್ಲದ ದಿನ ಒಲೆ ಉರಿಯುವುದೇ ಕಷ್ಟ. ಅಲ್ಲಿ ಬಿಡುವಿನ ಹಿರಿಮೆ ಹೇಳುವುದು ಸಲ್ಲದು. ಆದರೆ ಆರು ತಿಂಗಳ ಖರ್ಚಿಗೆ ಹಣ ಕೂಡಿಟ್ಟವರೂ ಒಂದು ತಿಂಗಳು ಮನೆಯಲ್ಲಿರಲು ಹಿಂಜರಿಯುತ್ತಾರಲ್ಲ, ಅದೇಕೆ? ಮದುವೆಮನೆಯಲ್ಲಿ ಯಾರೋ "ಈಗ ಎಲ್ಲಿದ್ದೀರಿ?" ಎಂದಾಗ ಹೇಳಲು ಕಂಪನಿಯ ಹೆಸರಿಲ್ಲವಲ್ಲ ಎಂಬ ಅಳುಕಲ್ಲವೆ? ಹುದ್ದೆಯನ್ನು ಕಳಚಿಟ್ಟರೆ ಉಳಿಯುವ ನಮ್ಮನ್ನು ನಾವೇ ಸರಿಯಾಗಿ ಕಂಡಿಲ್ಲ.

ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬಯಿ ಸರ್ಕಾರದ ಸೇವೆಯಿಂದ ತಾವಾಗಿಯೇ ನಿವೃತ್ತರಾದರು. ಪಿಂಚಣಿಯ ಆಸರೆಯಿತ್ತು, ನಿಜ. ಆದರೆ ದುಡಿಮೆಯೇ ಉಸಿರಾಗಿದ್ದ ಮನುಷ್ಯ, ವಯಸ್ಸು ಇನ್ನೂ ಐವತ್ತು ದಾಟಿಲ್ಲ. ಹೊರದೇಶಗಳನ್ನು ನೋಡಲು ಹೊರಟರು. ಆ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಲುಗಿದಾಗ ನಿಜಾಮರ ಸರ್ಕಾರ ಅವರ ನೆರವು ಬೇಡಿತು. ಮರುವರ್ಷ ಮೈಸೂರು ಮುಖ್ಯ ಇಂಜಿನಿಯರ್ ಹುದ್ದೆಗೆ ಕರೆಯಿತು. ಕೂಡಲೇ ಒಪ್ಪಿಬಿಡಲಿಲ್ಲ, ಮಾಮೂಲಿ ಕೆಲಸವಷ್ಟೇ ಅವರಿಗೆ ಬೇಕಿರಲಿಲ್ಲ. ಕೈಗಾರಿಕೆಗೆ, ತಾಂತ್ರಿಕ ಶಿಕ್ಷಣಕ್ಕೆ ಅಲ್ಲಿ ಆಸ್ಪದವುಂಟೇ ಎಂದು ವಿಚಾರಿಸಿಕೊಂಡೇ ಬಂದರು. ಕನ್ನಂಬಾಡಿ ಅಣೆಕಟ್ಟಿನ ಕೆಲಸ 1911ರಲ್ಲಿ ಮೊದಲಾಯಿತು.

ಹೀಗೆ ಕೇಳಿ ತಿಳಿಯುವ ಧೈರ್ಯ ಎಲ್ಲಿಂದ ಬರುತ್ತದೆ? ಒಂದು ಕಡೆಯಿಂದ ತಪ್ಪಿಸಿಕೊಂಡು ಓಡುತ್ತಿರುವವರಿಗೆ ಸಿಕ್ಕಿದ ಬಾಗಿಲೇ ಬಾಗಿಲು. ನಿಂತು ಉಸಿರಾಡಿದವರು ಮಾತ್ರ ಒಳಗೇನಿದೆಯೆಂದು ವಿಚಾರಿಸಬಲ್ಲರು. ಬಿಡುವಿನ ಮೊದಲ ವಾರಗಳಲ್ಲಿ ನಿದ್ದೆಯೇ ಹೆಚ್ಚು, ತಳಮಳವೂ ಹೆಚ್ಚು. ಬೇಕಾದದ್ದೇನು ಎಂಬ ಪ್ರಶ್ನೆ ತಲೆಯೆತ್ತುವುದು ಆಮೇಲೆ. ಅಷ್ಟು ಹೊತ್ತಿಗೆ, "ಇನ್ನೂ ಎಲ್ಲೂ ಸೇರಲಿಲ್ಲವೇನಪ್ಪ?" ಎಂದು ಮನೆಯ ಹಿರಿಯರಾದ ನಾವೇ ಕೇಳಲು ತೊಡಗಿರುತ್ತೇವೆ. ಕಕ್ಕುಲತೆಯಿಂದಲೇ ಕೇಳುತ್ತೇವೆ. ಆದರೂ ಮಗ, ಮಗಳು, ಸೊಸೆ ಮರುದಿನವೇ ಸಿಕ್ಕಿದ್ದೊಂದಕ್ಕೆ ಒಪ್ಪಿಗೆ ಬರೆದು ಕಳಿಸಲು ಆ ಒಂದು ಮಾತು ಸಾಕಾಗುತ್ತದೆ.