ಪ್ರತಿ ವರ್ಷದ ಕಟ್ಟ

ಷಷ್ಠಿ ಕಳೆಯಿತು. ಬೆಳಗಿನ ಚಳಿಯಲ್ಲಿ ತೋಟಕ್ಕೆ ಇಳಿದರೆ ತೋಡಿನ ಸದ್ದು ಇನ್ನೂ ಕೇಳುತ್ತದೆ, ಆದರೆ ತೆಳ್ಳಗೆ. ಈ ಸದ್ದು ನಿಲ್ಲುವ ಮುಂಚೆ ತೋಡಿಗೆ ಅಡ್ಡ ಕಟ್ಟ ಹಾಕಬೇಕು.

ನಮ್ಮ ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆದರೂ ಶಿವರಾತ್ರಿ ದಾಟಿದರೆ ಬಾವಿಯ ತಳ ಕಾಣುವ ಮನೆಗಳು ಎಷ್ಟೋ. ಇಳಿಜಾರು ನೆಲ, ತೂತುತೂತಾದ ಮುರಕಲ್ಲು. ಬಿದ್ದ ನೀರಿಗೆ ಕಡಲು ಸೇರುವ ಅವಸರ. ಅದಕ್ಕೇ ಹಿರಿಯರು ಕಟ್ಟದ ರೂಢಿ ಮಾಡಿದರು. ಕಾಡುಕಲ್ಲು ಒಟ್ಟಿ, ಅಡಿಕೆ ಮರದ ಸಲಾಕೆ ಅಡ್ಡ ಕೊಟ್ಟು, ಸಂದಿಗೆ ಸೊಪ್ಪು ತುರುಕಿ, ಮಣ್ಣು ಮೆತ್ತಿದರೆ ಕಟ್ಟವಾಯಿತು. ಆಳೆತ್ತರ ಬಂದರೆ ಅದೇ ದೊಡ್ಡದು.

ಕೆಲಸದಲ್ಲಿ ಕಷ್ಟದ್ದು ಕೊನೆಯ ಕಂಡಿ ಮುಚ್ಚುವುದು. ಅಲ್ಲಿಯವರೆಗೆ ತೋಡಿನ ನೀರೆಲ್ಲ ಆ ಒಂದು ಕಂಡಿಯಲ್ಲೇ ನುಗ್ಗುತ್ತಿರುತ್ತದೆ. ಕಂಡಿ ಕಿರಿದಾದಷ್ಟೂ ಸೆಳೆತ ಜೋರು. ಒಂದು ಬುಟ್ಟಿ ಮಣ್ಣು ಸುರಿದು ಇನ್ನೊಂದು ತರುವಷ್ಟರಲ್ಲಿ ಮೊದಲಿನದು ಕೆಂಪು ನೀರಾಗಿ ಹೋಗಿಬಿಟ್ಟಿರುತ್ತದೆ. ಒಬ್ಬನೇ ದಿನವಿಡೀ ನೂರು ಬುಟ್ಟಿ ಸುರಿದರೂ ಅಷ್ಟೇ. ಹತ್ತು ಜನ ಹತ್ತು ಬುಟ್ಟಿ ತುಂಬಿಸಿಟ್ಟುಕೊಂಡು, ಒಬ್ಬರು "ಹಾಕಿ!" ಎಂದ ಕೂಡಲೇ ಒಂದೇ ಉಸಿರಿಗೆ ಸುರಿದರೆ ಕಂಡಿ ಮುಚ್ಚುತ್ತದೆ. ಅದೇ ಮಣ್ಣು, ಅದೇ ನೀರು. ಬದಲಾದದ್ದು ಎಲ್ಲರೂ ಒಂದೇ ಗಳಿಗೆಯಲ್ಲಿ ಕೈಬಿಟ್ಟದ್ದು ಮಾತ್ರ. ಆಮೇಲೆ ಒಂದು ಮೌನ ಬರುತ್ತದೆ. ತಿಂಗಳುಗಟ್ಟಲೆ ಕಿವಿಗೆ ಒಗ್ಗಿದ ಸದ್ದು ಪಕ್ಕನೆ ನಿಂತು, ಎಲ್ಲರೂ ಸೊಂಟಕ್ಕೆ ಕೈಕೊಟ್ಟು ನೀರನ್ನೇ ನೋಡುತ್ತಾ ನಿಲ್ಲುತ್ತೇವೆ. ನನಗೆ ದೇವಸ್ಥಾನದಲ್ಲೂ ಅಂಥ ಮೌನ ಸಿಕ್ಕಿದ್ದು ಕಡಿಮೆ.

ನಿಂತ ನೀರು ಕಟ್ಟಿದವರ ಹತ್ತಿರವೇ ಇರುವುದಿಲ್ಲ. ಮಣ್ಣಿನೊಳಗೆ ಇಂಗಿ ಆಚೆ ಬದಿಯ ಬಾವಿಗೆ ಹೋಗುತ್ತದೆ; ಒಂದು ಬುಟ್ಟಿಯನ್ನೂ ಹೊರದವರ ಬಾವಿಗೂ ಹೋಗುತ್ತದೆ. ಮೇಲಿನ ಕಟ್ಟ ಮುಚ್ಚಿದ ದಿನ ಕೆಳಗಿನವರ ತೋಡು ಸೊರಗುತ್ತದೆ, ತುಂಬಿ ಹರಿದ ಮೇಲಷ್ಟೇ ಅವರಿಗೆ ನೀರು. ಆದ್ದರಿಂದ ಮುಂಚಿನ ದಿನವೇ ಕೆಳಮನೆಗೆ ಹೋಗಿ ಹೇಳಿ ಬರುವುದು ಮರ್ಯಾದೆ. ಕಟ್ಟದ ಅರ್ಧ ಕೆಲಸ ಇಂಥ ಮಾತಿನಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ಕೊಳವೆಬಾವಿ ಬಂದ ಮೇಲೆ ಆ ಮಾತು ಕಡಿಮೆಯಾಯಿತು. ಸ್ವಿಚ್ಚು ಒತ್ತಿದರೆ ನೀರು ಬರುವಾಗ ನೆರೆಮನೆಯವನ ಹಂಗೇಕೆ? ಕಿಂಡಿ ಅಣೆಕಟ್ಟುಗಳೂ ಬಂದವು. ಕಾಂಕ್ರೀಟಿನ ಕಂಬ ಗಟ್ಟಿ ನಿಜ, ಆದರೆ ಕಿಂಡಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಲು ವರ್ಷ ವರ್ಷವೂ ಜನ ಬೇಕು. ಹಲಗೆ ಹಾಕುವವರಿಲ್ಲದ ಕಡೆ ಕಂಬಗಳ ನಡುವೆ ನೀರು ಸುಮ್ಮನೆ ಹರಿದುಹೋಗುವುದನ್ನು ಕಂಡಾಗೆಲ್ಲ ಹೊಟ್ಟೆ ಚುರುಕ್ಕೆನ್ನುತ್ತದೆ.

ನಮ್ಮಲ್ಲೂ ಒಂದು ವರ್ಷ ಕಟ್ಟ ಆಗಲಿಲ್ಲ. ಗಡಿಯ ತಗಾದೆಯಲ್ಲಿ ಎರಡು ಮನೆಗಳ ನಡುವೆ ಮಾತು ಬಿಟ್ಟಿತ್ತು, ಅದರಲ್ಲಿ ಒಂದು ನಮ್ಮದು. ಆ ಏಪ್ರಿಲಿನಲ್ಲಿ ಅಡಿಕೆಯ ಸೋಗೆ ಜೋತುಬಿದ್ದದ್ದನ್ನು ಎರಡೂ ಮನೆಯವರು ಬೇರೆ ಬೇರೆಯಾಗಿ ನಿಂತು ನೋಡಿದೆವು. ಮರುವರ್ಷ ಒಂದು ಬೆಳಿಗ್ಗೆ ಆ ಮನೆಯವರು ಹಾರೆ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಗಡಿಯ ಸುದ್ದಿ ಎತ್ತಲಿಲ್ಲ. "ನಾಳೆಯೇ ಕಟ್ಟುವ ಅಣ್ಣ, ನೀರು ಇಳಿಯುತ್ತಾ ಉಂಟು" ಎಂದರು. ಅಪ್ಪ ಒಳಗೆ ತಿರುಗಿ ಬೆಲ್ಲ ನೀರು ತರಲು ಹೇಳಿದರು. ತಗಾದೆ ತೀರಲು ಮತ್ತೆ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷವೂ ಕಟ್ಟ ಆಯಿತು.

ಜೂನಿನ ಮೊದಲ ನೆರೆಗೆ ಮಣ್ಣೆಲ್ಲ ಕೊಚ್ಚಿಹೋಗುತ್ತದೆ, ಬುಡದ ಕಲ್ಲಷ್ಟೇ ಉಳಿಯುತ್ತದೆ. ಚಿಕ್ಕಂದಿನಲ್ಲಿ ನನಗೆ ಅದನ್ನು ಕಂಡು ಅಳು ಬರುತ್ತಿತ್ತು. ಈಗ ಆ ಕಲ್ಲುಗಳನ್ನು ನೋಡಿದರೆ ಕೆಳಮನೆಯ ಮೆಟ್ಟಿಲು ನೆನಪಾಗುತ್ತದೆ. ಹಾರೆಗೆ ಹೊಸ ಕಾವು ಹಾಕಿಯಾಗಿದೆ. ಬಿಸಿಲು ಏರುವ ಮುಂಚೆ ಅಲ್ಲಿಗೆ ಹೋಗಿ ಹೇಳಿ ಬರಬೇಕು.